ಕುಣಿಗಲ್ಲಿನಲ್ಲಿ ಪಂಕ್ತಿಗೊಂದು ಸರದಿ

ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿ, ಕಿವುಚಿ, ಸಣ್ಣ ಉರಿಯಲ್ಲಿ ಕುದಿಸುವಾಗ ಏಳುವ ವಾಸನೆ ಇದೆಯಲ್ಲ, ಅದು ಬಹಳ ಜನಕ್ಕೆ ಹಬ್ಬದ ವಾಸನೆ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಸಾಕು, ರೇಗಿಹೋಗುತ್ತದೆ. ಮೊನ್ನೆ ತುಮಕೂರಿನ ಮನೆಯಲ್ಲಿ ಸೊಸೆ ಮಗುವಿನ ಕೆಮ್ಮಿಗೆಂದು ಒಂದು ಹಿಡಿ ದ್ರಾಕ್ಷಿಯನ್ನು ಕುದಿಯಲು ಇಟ್ಟಳು. ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ನಾನು, ಮೊದಲು ಆ ಒಲೆ ಆರಿಸು ಅಂದೆ. ಯಾಕತ್ತೆ ಅಂದಳು. ಏನಂತ ಹೇಳಲಿ? ಕುಣಿಗಲ್ಲಿನಲ್ಲಿ ಕಳೆದ ಮೊದಲ ವರ್ಷವನ್ನು ಒಲೆ ಮುಂದೆ ನಿಂತು ಹೇಳಿ ಮುಗಿಸುವುದಕ್ಕಾಗುತ್ತದೆಯೇ? ಅವಳಿಗೂ ಪುರಸೊತ್ತಿರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ಯಜಮಾನರು ಜಯಕರ ಅವರನ್ನು ಕುಣಿಗಲ್ಲಿನ ಪುಟ್ಟ ಸಭೆಗೆ ಉಪದೇಶಿಯಾಗಿ, ಕ್ರಿಸ್ಮಸ್ಸಿನವರೆಗೆ ನೋಡೋಣ ಎಂಬ ಕರಾರಿನ ಮೇಲೆ, ಬೇಸಿಗೆಯಲ್ಲಿ ಕಳಿಸಿದರು. ಉಪದೇಶಿ ಎಂದರೆ ಪಾದ್ರಿಯಲ್ಲ, ಪಾದ್ರಿಯ ಕೆಲಸದಲ್ಲಿ ಮುಕ್ಕಾಲು ಪಾಲು ಮಾಡುವವನು. ಭಾನುವಾರದ ಆರಾಧನೆ ನಡೆಸಬೇಕು, ಮಕ್ಕಳಿಗೆ ಪಾಠ ಹೇಳಬೇಕು, ಕಾಯಿಲೆ ಬಿದ್ದವರ ಮನೆಗೆ ಹುಲಿಯೂರುದುರ್ಗದವರೆಗೂ ಸೈಕಲ್ ತುಳಿಯಬೇಕು. ಪಂಕ್ತಿ ಮಾತ್ರ ಕೊಡುವಂತಿಲ್ಲ. ಪಂಕ್ತಿ ಎಂದರೆ ನಮ್ಮಲ್ಲಿ ಕರ್ತನ ಭೋಜನ. ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಅದನ್ನು ಕೊಡಲು ತಿಂಗಳಿಗೊಂದು ಭಾನುವಾರ ತುಮಕೂರಿನಿಂದ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಬಸ್ಸಿನಲ್ಲಿ ಬರಬೇಕು. ರೊಟ್ಟಿಯನ್ನು ಅವರೇ ಚೀಲದಲ್ಲಿ ತರುತ್ತಿದ್ದರು. ರಸ ಮಾಡುವುದು ಉಪದೇಶಿಯ ಹೆಂಡತಿಯ ಪಾಲಿಗೆ. ಸಂಬಳ ಒಬ್ಬರಿಗೆ, ಕೆಲಸ ಇಬ್ಬರಿಗೆ. ಆಗಿನ ಪದ್ಧತಿಯೇ ಹಾಗೆ.

ಆ ವರ್ಷದ ಮೊದಲಿಗೆ, ನಾವಿನ್ನೂ ತುಮಕೂರಿನಲ್ಲಿದ್ದಾಗ, ನನಗೊಂದು ಹೆಣ್ಣುಮಗು ಹುಟ್ಟಿ ವಾರ ತುಂಬುವ ಮೊದಲೇ ಹೋಗಿಬಿಟ್ಟಿತ್ತು. ಮಗು ಹೋದದ್ದು ಒಂದು ಸಂಕಟವಾದರೆ ಸಮಾಧಾನ ಹೇಳಲು ಬಂದವರು ಇನ್ನೊಂದು. ಬಂದವರೆಲ್ಲ ಒಂದೇ ಮಾತು, ದೇವರ ಚಿತ್ತ. ಗುಬ್ಬಿಯಿಂದ ಬಂದ ನನ್ನ ಸ್ವಂತ ಚಿಕ್ಕಮ್ಮ, ದೇವರಿಗೆ ತನ್ನ ತೋಟಕ್ಕೊಂದು ಮೊಗ್ಗು ಬೇಕಾಗಿತ್ತು ಅಂದಳು. ಅಷ್ಟು ದೊಡ್ಡ ತೋಟ ಇಟ್ಟುಕೊಂಡವನಿಗೆ ನನ್ನ ಅಂಗಳದ ಮೊಗ್ಗೇ ಆಗಬೇಕಿತ್ತೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಉಪದೇಶಿಯಾಗಲು ಹೊರಟವನ ಹೆಂಡತಿ ಹಾಗೆಲ್ಲ ಕೇಳಬಾರದು. ಚಿಕ್ಕಮ್ಮನಿಗೆ ಕಾಫಿ ಕಾಯಿಸಿಕೊಟ್ಟೆ. ಕೇಳದೆ ಉಳಿದ ಮಾತು ಒಳಗೇ ಕೂತು ಕೋಪವಾಯಿತು. ಪ್ರಾರ್ಥನೆ ನಿಂತುಹೋಯಿತು. ಮನೆಯಲ್ಲಿ ಯಜಮಾನರು ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ನಾನು ಕಣ್ಣು ತೆರೆದು ಗೋಡೆಯ ಮೇಲಿನ ಹಲ್ಲಿ ನೋಡುತ್ತಿದ್ದೆ.

ಇದರಿಂದ ಒಂದು ಪೇಚಾಟ ಹುಟ್ಟಿತು. ನಮ್ಮ ಹಿರಿಯರು ಕಲಿಸಿದ ಕಟ್ಟಳೆಯೊಂದಿತ್ತು. ಯಾರ ಮೇಲಾದರೂ ಕೋಪ ಇಟ್ಟುಕೊಂಡು ಪಂಕ್ತಿಗೆ ಬರಬಾರದು. ಮೊದಲು ಹೋಗಿ ರಾಜಿಯಾಗಿ, ಆಮೇಲೆ ಬನ್ನಿ. ಪಕ್ಕದ ಮನೆಯವಳ ಮೇಲೆ ಕೋಪವಾದರೆ ಹೋಗಿ ಕೈ ಹಿಡಿದುಕೊಳ್ಳಬಹುದು. ಪಂಕ್ತಿ ಇಟ್ಟವನ ಮೇಲೆಯೇ ಕೋಪ ಬಂದರೆ ಯಾರ ಮನೆ ಬಾಗಿಲು ತಟ್ಟುವುದು? ಆದ್ದರಿಂದ ಪ್ರತಿ ತಿಂಗಳೂ, ಅಯ್ಯನವರು ಮೇಜಿನ ಮೇಲಿನ ಬಿಳಿ ಬಟ್ಟೆ ಸರಿಸುವ ಹೊತ್ತಿಗೆ, ಒಲೆ ಮೇಲೆ ಸಾರಿದೆ ಎಂಬ ಮುಖ ಮಾಡಿಕೊಂಡು ಹಿಂದಿನ ಬಾಗಿಲಿನಿಂದ ಎದ್ದುಹೋಗುತ್ತಿದ್ದೆ. ಉಪದೇಶಿಯ ಮನೆ ಸಭಾಮಂದಿರದ ಹಿಂಗೋಡೆಗೆ ಅಂಟಿಕೊಂಡೇ ಇತ್ತು. ಅಯ್ಯನವರ ಮಧ್ಯಾಹ್ನದ ಊಟವೂ ನಮ್ಮಲ್ಲೇ. ಯಾರೂ ಅನುಮಾನ ಪಡುವಂತಿರಲಿಲ್ಲ. ಯಜಮಾನರಿಗೆ ಗೊತ್ತಿತ್ತು. ಅವರು ಏನೂ ಕೇಳಲಿಲ್ಲ. ಅವರು ಏನೂ ಕೇಳುವವರಲ್ಲ. ಮನೆಗೆ ಬೆಂಕಿ ಬಿದ್ದಿದೆ ಅಂದರೂ "ನೋಡೋಣ" ಅನ್ನುವ ಜಾತಿ. ಅವರ ಆ "ನೋಡೋಣ" ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಸಭೆ ಅಂದೆನಲ್ಲ, ಅದೇನು ಸಾವಿರ ಜನದ್ದಲ್ಲ. ಮೂರು ಸಾಲು ಚಾಪೆ ಹಾಸಿದರೆ ಎಲ್ಲರೂ ಹಿಡಿಯುತ್ತಿದ್ದರು. ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ. ಈ ಪುಟ್ಟ ಸಭೆಗೆ ಇಬ್ಬರು ಹಿರಿಯರು. ಒಬ್ಬರು ಸುಗುಣಮ್ಮ, ನಿವೃತ್ತರಾದ ಹೆರಿಗೆ ನರ್ಸು. ಕುಣಿಗಲ್ ಪೇಟೆಯ ಅರ್ಧ ಜನ ಭೂಮಿಗೆ ಬಿದ್ದಾಗ ಮೊದಲು ಕಂಡ ಮುಖ ಅವರದೇ. ಇನ್ನೊಬ್ಬರು ಅವರ ಮೈದುನ ದೇವಸಹಾಯಪ್ಪ, ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಂಡು ಜೀವ ಸವೆಸಿದವರು. ಇಬ್ಬರಿಗೂ ಮಾತಿಲ್ಲ. ಸುಗುಣಮ್ಮನ ಗಂಡ, ಅಂದರೆ ದೇವಸಹಾಯಪ್ಪನ ಅಣ್ಣ, ತೀರಿಕೊಂಡಾಗ ಮಸಣದ ದಾರಿಯಲ್ಲಿ ಒಂದು ಕೀರ್ತನೆ ಎತ್ತಿದರಂತೆ. ಅತ್ತಿಗೆ ಎತ್ತಿದ್ದು ಹಾರ್ಮೋನಿಯಂ ಮಟ್ಟಿನಲ್ಲಿ, ಮೈದುನ ಎತ್ತಿದ್ದು ತಾಳದ ಮಟ್ಟಿನಲ್ಲಿ. ಇವರೂ ಬಿಡಲಿಲ್ಲ, ಅವರೂ ಬಿಡಲಿಲ್ಲ. ಹೆಣ ಹೊತ್ತವರು ಯಾವ ಲಯಕ್ಕೆ ಹೆಜ್ಜೆ ಹಾಕುವುದೆಂದು ತಿಳಿಯದೆ ನಡುದಾರಿಯಲ್ಲಿ ನಿಂತುಬಿಟ್ಟರಂತೆ. ನನ್ನ ಗಂಡನ ಕೊನೇ ಪಯಣ ಕೆಡಿಸಿದ ಅಂತ ಅವರು, ನನ್ನ ಅಣ್ಣನ ಇಷ್ಟದ ಮಟ್ಟು ಹಾಡಗೊಡಲಿಲ್ಲ ಅಂತ ಇವರು, ಅವತ್ತಿಗೆ ಮಾತು ಬಿಟ್ಟವರು.

ಇದನ್ನಾದರೂ ಸಹಿಸಬಹುದು, ಜಗಳ ಇಲ್ಲದ ಸಭೆ ಎಲ್ಲಿದೆ? ನನ್ನ ಪಿತ್ತ ನೆತ್ತಿಗೇರಿಸಿದ್ದು ಅವರು ಮಾಡಿಕೊಂಡಿದ್ದ ಏರ್ಪಾಡು. ಕೋಪ ಇಟ್ಟುಕೊಂಡು ಪಂಕ್ತಿಗೆ ಬರಬಾರದು ಎಂಬ ಕಟ್ಟಳೆ ಇದೆ. ಇಬ್ಬರಿಗೂ ಪಂಕ್ತಿ ಬೇಕು. ರಾಜಿಯಾಗಲು ಇಬ್ಬರಿಗೂ ಇಷ್ಟವಿಲ್ಲ. ಏನು ಮಾಡಿದರು ಗೊತ್ತೇ? ಸರದಿ ಹಾಕಿಕೊಂಡರು. ಒಂದು ತಿಂಗಳು ಸುಗುಣಮ್ಮ ಬರುವುದು, ದೇವಸಹಾಯಪ್ಪ ಮನೆಯಲ್ಲಿರುವುದು; ಮರುತಿಂಗಳು ಅವರು, ಇವರು ಮನೆಯಲ್ಲಿ. ಎದುರಿಗೆ ಆ ಮನುಷ್ಯನೇ ಇಲ್ಲದ ಮೇಲೆ ಕೋಪ ಯಾರ ಮೇಲೆ ಎಂಬುದು ಅವರ ಲೆಕ್ಕಾಚಾರ. ಹಿಂದಿದ್ದ ಉಪದೇಶಿಗಳೂ, ಬಂದುಹೋದ ಅಯ್ಯನವರುಗಳೂ ನಮಗ್ಯಾಕೆ ಅಂತ ಸುಮ್ಮನಿದ್ದರು. ಸಭೆಯವರಿಗೆ ಇದರಲ್ಲಿ ಏನೂ ವಿಚಿತ್ರ ಕಾಣುತ್ತಲೇ ಇರಲಿಲ್ಲ. ಈ ತಿಂಗಳು ಯಾರ್ದು ಅಂತ ರೇಷನ್ ಅಂಗಡಿ ಸಕ್ಕರೆ ವಿಚಾರಿಸಿದಷ್ಟೇ ಸಲೀಸಾಗಿ ವಿಚಾರಿಸುತ್ತಿದ್ದರು. ನಾನು ಯಜಮಾನರಿಗೆ, ಇದೇನ್ರೀ ದೇವರ ಕಣ್ಣಿಗೇ ಮಣ್ಣೆರಚೋದು, ನೀವಾದರೂ ಹೇಳಬಾರದೇ ಅಂದೆ. "ನೋಡೋಣ" ಅಂದರು.

ಆ ಇಬ್ಬರೂ ಕೆಟ್ಟವರಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಹಾಗೂ ಇರಲಿಲ್ಲ. ನಾವು ಕುಣಿಗಲ್ಲಿಗೆ ಬಂದ ಹೊಸದರಲ್ಲೇ ಸುಗುಣಮ್ಮ ಒಂದು ಮಧ್ಯಾಹ್ನ ಮನೆಗೆ ಬಂದರು. ದೇವರ ಚಿತ್ತ ಅನ್ನುತ್ತಾರೆ ಅಂತ ಹಲ್ಲು ಕಚ್ಚಿಕೊಂಡು ಕಾದೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, ನೀರು ಕುಡಿದು, ಮೆಲ್ಲಗೆ "ಹಾಲು ಬತ್ತೋಕೆ ಬಾಳ ದಿನ ಹಿಡೀತಾ ಮಗಾ?" ಅಂದರು. ಹೌದು ಅಂದೆ. ನನ್ನ ರವಿಕೆ ಒದ್ದೆಯಾಗುತ್ತಿದ್ದ ಆ ದಿನಗಳ ಬಗ್ಗೆ ಜಗತ್ತಿನಲ್ಲಿ ಯಾರೂ ಕೇಳಿರಲಿಲ್ಲ. ಅವರು ಒಂದು ಮೊರ ಹುರುಳಿ ಕೇರಿಕೊಟ್ಟು ಎದ್ದುಹೋದರು.

ದೇವಸಹಾಯಪ್ಪನದು ಇನ್ನೊಂದು ಥರ. ನಾನು ಪಂಕ್ತಿ ಬಿಟ್ಟು ಒಲೆಯ ಕಡೆ ಓಡುವುದನ್ನು ಮೊದಲು ಕಂಡುಹಿಡಿದವರು ಅವರೇ. ಬಾವಿಕಟ್ಟೆಯ ಹತ್ತಿರ ಬೀಡಿ ಸೇದುತ್ತಾ ಕೂತಿದ್ದವರು ನನ್ನನ್ನು ನಿಲ್ಲಿಸಿ, ಫಾರಂನಲ್ಲಿ ಮರಿ ಕಳೆದುಕೊಂಡ ಕುದುರೆಯೂ ಹೀಗೆಯೇ, ಒಂದು ವರ್ಷ ಯಾರನ್ನೂ ಹತ್ತಿರ ಸೇರಿಸುವುದಿಲ್ಲ, ಒದೆಯುತ್ತದೆ ಅಂದರು. ನಾನು ಯಾರನ್ನೂ ಒದ್ದಿಲ್ಲ ಅಂದೆ, ಕೊಡ ಸೊಂಟಕ್ಕೆ ಏರಿಸಿಕೊಂಡು.

"ಅದೇ ಭಯ ಕಣಮ್ಮ. ಒದೀದೆ ನಿಂತಿರ್ತದಲ್ಲ, ಆ ಕುದ್ರೆಗೇ ನಾವು ಹೆದ್ರೋದು."

ಉಪದೇಶಿಯ ಹೆಂಡತಿಯನ್ನು ಕುದುರೆಗೆ ಹೋಲಿಸುತ್ತಾನಲ್ಲ ಈ ಮನುಷ್ಯ ಅಂತ ದಾರಿಯುದ್ದಕ್ಕೂ ಗೊಣಗಿಕೊಂಡು ಮನೆಗೆ ಬಂದೆ.

ಮಳೆಗಾಲ ಬಂತು. ಆ ವರ್ಷ ಕುಣಿಗಲ್ಲಿನ ದೊಡ್ಡ ಕೆರೆ ಚೆನ್ನಾಗಿ ತುಂಬಿತ್ತು. ಸಭಾಮಂದಿರದ ಹೆಂಚು ಸೋರುವ ಕಡೆಯೆಲ್ಲ ಪಾತ್ರೆ ಇಟ್ಟು, ಒದ್ದೆ ಚಾಪೆ ಒಣಗಿಸಿ, ಮತ್ತೆ ಹಾಸಿ, ಮತ್ತೆ ಒಣಗಿಸಿ ನನಗೆ ಸಾಕುಬೇಕಾಯಿತು. ಇದರ ಮಧ್ಯೆ ಅಯ್ಯನವರು ಒಂದು ಭಾನುವಾರ ಊಟ ಮುಗಿಸಿ, ಕೈ ತೊಳೆದುಕೊಂಡು, ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಒಳ್ಳೆಯ ಮನುಷ್ಯ, ಆದರೆ ಸದಾ ಬಸ್ಸಿನ ಹೊತ್ತು ನೋಡುವವರು. ನಾನು ಪಂಕ್ತಿಗೆ ಬಾರದ ವಿಷಯ, ಉಪದೇಶಿಗಳನ್ನು ನೇಮಿಸುವ ತುಮಕೂರಿನ ಕಮಿಟಿಯವರ ಕಿವಿಗೆ ಬಿದ್ದಿತ್ತು. ಕ್ರಿಸ್ಮಸ್ಸಿಗೆ ಮುಂಚೆ ಅವರು ಯಜಮಾನರ ಕೆಲಸ ಕಾಯಂ ಮಾಡುವುದೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಹೆಂಡತಿಯೇ ಪಂಕ್ತಿಗೆ ಬರದ ಉಪದೇಶಿ ಬೇರೆಯವರಿಗೆ ಏನು ಬೋಧಿಸುತ್ತಾನೆ ಎಂಬ ಪ್ರಶ್ನೆ ಬಂದಿದೆ. ಅಷ್ಟರೊಳಗೆ ನಾನು ಬರಬೇಕು. ಬಾರದಿದ್ದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಅಂದರು.

ಅಯ್ಯನವರನ್ನು ಬಸ್ಸು ಹತ್ತಿಸಿ ಬಂದ ಯಜಮಾನರನ್ನು ಕೇಳಿದೆ, ನಾನೇನು ಮಾಡಲಿ ಅಂತ. ನಿನಗೆ ಹೇಗನ್ನಿಸುತ್ತೋ ಹಾಗೆ ಅಂದರು. ನಾನು ಬರದಿದ್ದರೆ ಕೆಲಸ ಹೋಗುತ್ತದಲ್ಲ ಅಂದೆ. ಹೋಗುತ್ತೆ ಅಂದರು. ಆಮೇಲೆ? "ನೋಡೋಣ." ಕೈಯಲ್ಲಿದ್ದ ಸೌಟನ್ನು ಗೋಡೆಗೆ ಎಸೆದೆ. ಅದನ್ನು ಎತ್ತಿ ತೊಳೆದಿಟ್ಟವರೂ ಅವರೇ. ಸುಳ್ಳೇ ಹೋಗಿ ಮಂಡಿಯೂರಿ ತೆಗೆದುಕೊಂಡುಬಿಡಬಹುದಿತ್ತು, ಯಾರು ನೋಡುತ್ತಾರೆ ಒಳಗೆ? ಆದರೆ ನನ್ನ ಅಜ್ಜಿ ಗುಬ್ಬಿಯ ಮನೆಯಲ್ಲಿ ನನಗೆ ಮಾತು ಕಲಿಸಿದ್ದೇ ಪ್ರಾರ್ಥನೆಯಿಂದ. ಕೈ ಮುಗಿದುಕೊಂಡು ಸುಳ್ಳು ಹೇಳುವುದು ನನ್ನ ನಾಲಿಗೆಗೆ ಬಾರದು.

ಅಕ್ಟೋಬರ್ ತಿಂಗಳ ಪಂಕ್ತಿ ದೇವಸಹಾಯಪ್ಪನ ಸರದಿ. ಅವರು ಒಗೆದ ಪಂಚೆ ಉಟ್ಟು, ಮೀಸೆಗೆ ಎಣ್ಣೆ ಸವರಿ, ಬೆಳಗಿನಿಂದಲೇ ಬಂದು ಕೂತಿದ್ದರು. ಮಳೆ ಹಿಡಿದುಕೊಂಡಿತ್ತು. ಹೆಬ್ಬೂರಿನ ಹತ್ತಿರ ಬಸ್ಸಿನ ಆಕ್ಸಲ್ ಮುರಿದು ಅಯ್ಯನವರು ಇತ್ತ ಬರಲಾರದೆ ಅತ್ತ ಹೋಗಲಾರದೆ ನೆನೆದು, ಕೊನೆಗೆ ತುಮಕೂರಿಗೆ ವಾಪಸ್ಸಾದರಂತೆ. ಆ ತಿಂಗಳು ಪಂಕ್ತಿಯೇ ನಡೆಯಲಿಲ್ಲ. ನಾನು ಮಾಡಿದ ರಸ ಹುಳಿಯಾಗಿ ಹಿತ್ತಲಿಗೆ ಹೋಯಿತು.

ಅಲ್ಲಿಂದ ಶುರುವಾಯಿತು ನೋಡಿ. ಮುಂದಿನ ತಿಂಗಳು ಯಾರ ಸರದಿ? ಮೇಜೇ ಹಾಕಲಿಲ್ಲ ಅಂದಮೇಲೆ ನನ್ನ ಸರದಿ ಹಾಗೇ ಉಳಿದಿದೆ ಎಂದು ದೇವಸಹಾಯಪ್ಪ. ಬಸ್ಸು ಕೆಟ್ಟರೆ ನಾನೇನು ಮಾಡಲಿ, ತಿಂಗಳು ಕಳೆಯಿತು, ಸರದಿಯೂ ಕಳೆಯಿತು ಎಂದು ಸುಗುಣಮ್ಮ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಲು ಯಜಮಾನರು ಸೈಕಲ್ ತುಳಿದದ್ದೇ ತುಳಿದದ್ದು. ಸಭೆ ಎರಡು ಭಾಗವಾಯಿತು. ಭಾನುವಾರ ದೇವರ ವಾಕ್ಯ ಕೇಳುವಾಗ ತೂಕಡಿಸುತ್ತಿದ್ದವರೆಲ್ಲ ಈ ವಿಷಯ ಬಂದರೆ ಎದ್ದು ಕೂತು ವಾದಿಸುವವರಾದರು.

ಕೊನೆಗೆ ದೇವಸಹಾಯಪ್ಪ ತೀರ್ಪಿಗೆ ಹೋದದ್ದು ಯಾರ ಹತ್ತಿರ ಅಂದುಕೊಂಡಿರಿ? ಅಯ್ಯನವರ ಹತ್ತಿರವಲ್ಲ, ನಮ್ಮ ಎದುರು ಮನೆಯ ನೀರಗಂಟಿ ಕೆಂಪಯ್ಯನ ಹತ್ತಿರ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯ ಮೇಲೆ ನೀರು ಹಂಚುವವನು ಅವನು. ಸರದಿ ಎಂಬುದರ ಧರ್ಮಸೂಕ್ಷ್ಮ ಅವನಿಗಿಂತ ಬಲ್ಲವರು ಯಾರು ಎಂಬುದು ಇವರ ವಾದ. ಏನು ವಿಷಯ ಎಂದು ಬಿಡಿಸಿ ಹೇಳದೆ, ತೂಬೇ ಎತ್ತದ ದಿನ ಸರದಿ ಕಳೆಯುತ್ತದೋ ಎಂದು ಕೇಳಿದರು. ಅದು ಹೆಂಗೆ ಕಳೀತದೆ, ಮುಂದಿನ ನೀರು ನಿಂದೇ ಅಂದ ಕೆಂಪಯ್ಯ. ಸುದ್ದಿ ಸುಗುಣಮ್ಮನಿಗೆ ಮುಟ್ಟಿತು. ಅವರೂ ಸುಮ್ಮನಿರುವವರಲ್ಲ. ಮರುದಿನವೇ ಕೆಂಪಯ್ಯನ ಹೆಂಡತಿಗೆ ಸೊಂಟನೋವಿನ ಔಷಧಿ ಕೊಡುವ ನೆಪದಲ್ಲಿ ಹೋಗಿ, ತೂಬು ಎತ್ತಿದ ಮೇಲೆ ಕಾಲುವೆ ಒಡೆದು ನೀರು ಬಾರದಿದ್ದರೆ ಎಂದು ಕೇಳಿದರು. ಹಾಗಾದರೆ ಅದು ಅವನ ಹಣೆಬರಹ, ಮುಂದಿನ ಸರದಿ ಮುಂದಿನವರದೇ ಅಂದ ಅದೇ ಕೆಂಪಯ್ಯ.

ಈಗ ಸಭೆಯ ಮುಂದೆ ಬಂದ ಪ್ರಶ್ನೆ: ಅಯ್ಯನವರು ತುಮಕೂರಿನಲ್ಲಿ ಬಸ್ಸು ಹತ್ತಿದರೆ ತೂಬು ಎತ್ತಿದಂತೆಯೋ ಅಲ್ಲವೋ? ದೇವರಾಣೆ, ಬೆಳೆದ ಜನ ಇದನ್ನು ನಮ್ಮ ಜಗಲಿಯ ಮೇಲೆ ಕೂತು, ನನ್ನ ಕಾಫಿ ಕುಡಿದು, ಚರ್ಚೆ ಮಾಡಿದರು. ನಾನು ಹಣೆ ಚಚ್ಚಿಕೊಂಡೆ. ಒಂದು ದಿನ ಕೆಂಪಯ್ಯನೇ ನನ್ನನ್ನು ಬಾಗಿಲಲ್ಲಿ ತಡೆದು, ತುಂಬಾ ಗಂಭೀರವಾಗಿ ಕೇಳಿದ.

"ಅಲ್ಲ ತಾಯಿ, ನಿಮ್ ದೇವ್ರು ಅದ್ಯಾವ ಗದ್ದೆಗೆ ನೀರು ಬುಡ್ತಾನೆ? ದಿನಾ ಬಂದು ಒಬ್ಬೊಬ್ರೂ ಕೇಳ್ತಾವ್ರೆ."

ನಾನು ಜಗಲಿಯ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ನವೆಂಬರಿನ ಪಂಕ್ತಿಯ ಭಾನುವಾರ ಬಂತು. ಕಮಿಟಿ ಸೇರುವುದಕ್ಕೆ ಮುಂಚಿನ ಕೊನೆಯ ಪಂಕ್ತಿ ಅದು. ಮಳೆ ನಿಂತು ಎಳೆ ಬಿಸಿಲಿತ್ತು, ಹೊಲದಲ್ಲಿ ರಾಗಿ ತೆನೆ ಬಾಗಿತ್ತು. ನಾನು ರಸ ಕುದಿಸಿ ಸೋಸಿದೆ, ನೆಲ ಸಾರಿಸಿದೆ, ಚಾಪೆ ಹಾಸಿದೆ, ಅಯ್ಯನವರಿಗೆಂದು ಕೋಳಿ ಸಾರಿಗಿಟ್ಟೆ. ಯಾವತ್ತಿನಂತೆ ಎದ್ದುಹೋಗುವುದು ಎಂದು ತೀರ್ಮಾನಿಸಿಕೊಂಡಿದ್ದೆ. ಹೋಗುವ ಕೆಲಸ ಹೋಗಲಿ. ಗುಬ್ಬಿಯಲ್ಲಿ ಅಪ್ಪನ ಮನೆಯ ಹಿಂದೆ ಒಂದು ಕೋಣೆ ಇತ್ತು.

ಆರಾಧನೆ ಶುರುವಾಗುವ ಹೊತ್ತಿಗೆ ಸುಗುಣಮ್ಮ ಬಂದು ಎಡಕ್ಕೆ ಮುಂದಿನ ಸಾಲಿನಲ್ಲಿ ಕೂತರು. ಹಿಂದೆಯೇ ದೇವಸಹಾಯಪ್ಪ ಬಂದು ಬಲಕ್ಕೆ ಮುಂದಿನ ಸಾಲಿನಲ್ಲಿ. ಹಿಂದಿನ ಸಾಲಿನವರು ಕತ್ತು ಚಾಚಿದರು. ಬೋಧನೆ ಮುಗಿಯುವವರೆಗೂ ಇಬ್ಬರೂ ಗೋಡೆಯನ್ನೇ ನೋಡಿದರು. ಅಯ್ಯನವರು ಬಿಳಿ ಬಟ್ಟೆಗೆ ಕೈ ಹಾಕಿ, ತಲೆ ಎತ್ತಿ ನೋಡಿದರು. ಇವತ್ತು ಯಾರು ಅಂದರು. ನಾನು ಎಂದು ಇಬ್ಬರೂ ಎದ್ದು ನಿಂತರು.

ಅಯ್ಯನವರು ಮೊದಲು ನಯವಾಗಿ ಹೇಳಿದರು. ಇಬ್ಬರೂ ಕೈ ಹಿಡಿದು ರಾಜಿಯಾಗಿ, ಇಬ್ಬರೂ ತೆಗೆದುಕೊಳ್ಳಿ ಅಂದರು. ಇಬ್ಬರೂ ಅಲ್ಲಾಡಲಿಲ್ಲ. ಒಬ್ಬರಾದರೂ ಹೊರಗೆ ಹೋಗಿ ಅಂದರು. ಅದೂ ಆಗಲಿಲ್ಲ. ದೇವಸಹಾಯಪ್ಪ ತೂಬಿನ ವಿಷಯ ತೆಗೆದರು, ಸುಗುಣಮ್ಮ ಕಾಲುವೆಯ ವಿಷಯ ತೆಗೆದರು. ಅಯ್ಯನವರಿಗೆ ತಲೆಬುಡ ಅರ್ಥವಾಗದೆ ಯಜಮಾನರ ಮುಖ ನೋಡಿದರು. ಯಜಮಾನರು "ನೋಡೋಣ ಅಯ್ಯನೋರೇ" ಅಂದರು. ಅಯ್ಯನವರಿಗೂ ರೇಗಿರಬೇಕು. ಹಾಗಾದರೆ ಇವತ್ತು ಯಾರಿಗೂ ಪಂಕ್ತಿ ಇಲ್ಲ ಎಂದು ಬಟ್ಟೆಯನ್ನು ಮತ್ತೆ ಮುಚ್ಚತೊಡಗಿದರು.

ನಾನು ಹಿಂದಿನ ಬಾಗಿಲಲ್ಲಿದ್ದೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅಡುಗೆಮನೆ. ಅದ್ಯಾಕೋ, ಆ ಬಟ್ಟೆ ಮುಚ್ಚುವುದನ್ನು ಕಂಡು ನನ್ನೊಳಗೆ ಏನೋ ಕಿತ್ತುಕೊಂಡಿತು.

"ಮುಚ್ಬೇಡಿ ಅಯ್ಯನೋರೇ," ಅಂದೆ. ಎಲ್ಲರೂ ತಿರುಗಿ ನೋಡಿದರು. "ಕೋಪ ಅಂತೆ ಕೋಪ. ಮಸಣದ ದಾರೀಲಿ ಒಂದು ಮಟ್ಟು ತಪ್ತು ಅಂತ ಕೋಪಕ್ಕೆ ಸರದಿ ಕಟ್ಕೊಂಡಿದೀರಲ್ಲ. ನಿಮಗೇನು, ಇವರು ಬಂದಾಗ ಅವರು ಬರ್ದೇ ಇದ್ರಾಯ್ತು. ನಾನೆಲ್ಲಿಗೆ ಹೋಗ್ಲಿ? ನನಗೆ ಕೋಪ ಇರೋದು ದೇವರ ಮೇಲೆ. ಅವನು ಯಾವ ಭಾನುವಾರ ರಜಾ ಹಾಕ್ತಾನೆ ಹೇಳಿ, ಅವತ್ತು ಬಂದು ತಗೋತೀನಿ."

ನನ್ನ ಬಾಯಿಗೆ ಬೀಗ ಇರಲಿಲ್ಲ.

"ಮಗು ಹೋದಾಗಿಂದ ಅವನ ಹತ್ರ ಮಾತು ಬಿಟ್ಟಿದೀನಿ. ಮಾತು ಬಿಟ್ಟೂ ಅವನ ಮನೆ ಕಸ ಗುಡಿಸ್ತಿದೀನಿ, ಚಾಪೆ ಹಾಸ್ತಿದೀನಿ, ಅವನ ರಸ ಕುದಿಸ್ತಿದೀನಿ. ಇದಕ್ಕೆ ಯಾವ ನೀರಗಂಟೀನ ಕೇಳ್ಬೇಕು?"

ಮುಗಿಯಿತು, ಇನ್ನು ಗುಬ್ಬಿಯ ಕೋಣೆಯೇ ಗತಿ ಎಂದುಕೊಂಡೆ. ಯಜಮಾನರು ತಲೆ ತಗ್ಗಿಸಿಕೊಂಡು ರಸದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

ದೇವಸಹಾಯಪ್ಪ ನಿಧಾನಕ್ಕೆ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು.

"ಹಂಗಾದ್ರೆ ಸರದಿ ಈಯಮ್ಮಂದು," ಅಂದರು.

"ಅದ್ನ ನೀನೇನ್ ಹೇಳೋದು? ನನಗ್ ಕಾಣಲ್ವಾ?" ಅಂದರು ಸುಗುಣಮ್ಮ.

ಆ ಸಭೆಯಲ್ಲಿ ಎಳೆಯರಾಗಿದ್ದವರು ಯಾರೂ ಅವರಿಬ್ಬರು ನೇರವಾಗಿ ಮಾತಾಡಿದ್ದನ್ನು ಅದುವರೆಗೆ ಕೇಳಿರಲಿಲ್ಲ. ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು, ಒಬ್ಬರು ಈ ಬಾಗಿಲಿನಿಂದ, ಇನ್ನೊಬ್ಬರು ಆ ಬಾಗಿಲಿನಿಂದ ಹೊರಟರು. ಅಯ್ಯನವರು, ಕಟ್ಟಳೆಯ ಪ್ರಕಾರ ಕೋಪ ಇರುವವರು ಬರಬಾರದಲ್ಲ ಎಂದು ಏನೋ ಹೇಳಲು ಬಾಯಿ ತೆರೆದರು. ಸುಗುಣಮ್ಮ ಹೊಸ್ತಿಲಿನಲ್ಲಿ ನಿಂತು ತಿರುಗಿದರು.

"ಬಡಿಸಿ ಅಯ್ಯನೋರೇ. ಮುನಿಸ್ಕೊಂಡಿರೋ ಮಗೀಗೆ ಮನೇಲಿ ಊಟ ಹಾಕಲ್ವಾ?"

ಅಯ್ಯನವರು ಬಟ್ಟೆಯನ್ನು ಮತ್ತೆ ಸರಿಸಿದರು.

ಈಗ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ನಿಜ ಹೇಳುತ್ತೇನೆ, ಕೋಪ ಕರಗಿರಲಿಲ್ಲ. ಒಂದು ಕಾಳಿನಷ್ಟೂ ಕರಗಿರಲಿಲ್ಲ. ಎದೆಯಲ್ಲಿ ಬೆಳಕು ಮೂಡಿತು, ಶಾಂತಿ ಇಳಿಯಿತು ಎಂದೆಲ್ಲ ಸಭೆಯಲ್ಲಿ ಎದ್ದುನಿಂತು ಸಾಕ್ಷಿ ಕೊಡುವವರು ಹೇಳುತ್ತಾರಲ್ಲ, ನನಗೆ ಅಂಥದ್ದೇನೂ ಆಗಲಿಲ್ಲ. ನನ್ನ ತಲೆಯಲ್ಲಿ ಬಂದದ್ದು ಒಂದೇ ಯೋಚನೆ: ಇಬ್ಬರೂ ಬಿಟ್ಟುಕೊಟ್ಟ ಈ ಸರದಿಯನ್ನು ನಾನು ತೆಗೆದುಕೊಳ್ಳದಿದ್ದರೆ ಇದು ಯಾರ ಲೆಕ್ಕಕ್ಕೆ ಹೋಗುತ್ತದೆ ಎಂದು ಈ ಜನ ಇನ್ನೊಂದು ವರ್ಷ ನನ್ನ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾರೆ. ಆ ರೇಜಿಗೆ ತಡೆಯಲಾರದೆ ಹೋಗಿ ಮಂಡಿಯೂರಿದೆ.

ಅಯ್ಯನವರು ರೊಟ್ಟಿ ಕೊಟ್ಟರು. ಅವರ ಸಹಾಯಕ್ಕೆ ಹಿಂದೆಯೇ ಯಜಮಾನರು ಬಟ್ಟಲು ಹಿಡಿದು ಬಂದರು. ರಸ ತುಳುಕಿ ನನ್ನ ಸೆರಗಿನ ಮೇಲೆ ಬಿತ್ತು. ಒಂದು ಗುಟುಕು ಕುಡಿದೆ. ಅಡಿ ಹಿಡಿದ ವಾಸನೆ. ಕುಣಿಗಲ್ಲಿಗೆ ಬಂದ ಮೇಲೆ ನಾನೇ ಮಾಡಿದ ರಸವನ್ನು ನಾನು ಒಮ್ಮೆಯೂ ಬಾಯಿಗೆ ಹಾಕಿರಲಿಲ್ಲ. ಅಷ್ಟು ತಿಂಗಳೂ ಈ ಜನ ಸೀದ ದ್ರಾಕ್ಷಿ ನೀರನ್ನು ಕಣ್ಣು ಮುಚ್ಚಿ ಕುಡಿದಿದ್ದಾರೆ, ಒಬ್ಬರಾದರೂ ಹೇಳಬಾರದೇ? ಆಮೇಲೆ ಕೇಳಿದರೆ, ನೀವು ನೋವಿನಲ್ಲಿದ್ರಿ, ಏನಂತ ಹೇಳೋದು ಅಂದರು. ಇಂಥ ಜನವನ್ನು ಏನು ಮಾಡಬೇಕು ನೀವೇ ಹೇಳಿ. ಮಂಡಿಯೂರಿದ್ದ ಜಾಗದಲ್ಲೇ ನನಗೆ ಅಳುವೂ ಬಂತು, ನಗುವೂ ಬಂತು, ಎರಡನ್ನೂ ಸೆರಗಿನಲ್ಲಿ ಅದುಮಿಕೊಂಡೆ.

ಹೊರಗೆ ಬಂದು ನೋಡಿದರೆ ಆ ಇಬ್ಬರು ಮುಂಬಾಗಿಲ ಮೆಟ್ಟಿಲಿನ ಎರಡು ತುದಿಯಲ್ಲಿ ಕೂತಿದ್ದರು. ರಾಜಿಯಾದರೇ ಎಂದು ಕೇಳಬೇಡಿ. ಮರುತಿಂಗಳಿನಿಂದ ಇಬ್ಬರೂ ಒಟ್ಟಿಗೇ ಬರತೊಡಗಿದರು ಅನ್ನುವುದು ನಿಜ. ಸರದಿಯ ದಾರ ತುಂಡಾದ ಮೇಲೆ ಎಲ್ಲಿಂದ ಹಿಡಿದು ಎಣಿಸುವುದೆಂದು ಇಬ್ಬರಿಗೂ ಒಪ್ಪಿಗೆಯಾಗಲಿಲ್ಲ, ಅಷ್ಟೇ. ಮಾತೂ ಶುರುವಾಯಿತು, ಜಗಳದ ಮಾತು. ಮೊದಲು ಮಾತಿಲ್ಲದ ಕಾಟವಿತ್ತು, ಆಮೇಲೆ ಮಾತಿನ ಕಾಟ.

ಅವತ್ತು ಊಟಕ್ಕೆ ಕೂತ ಅಯ್ಯನವರು ಮುದ್ದೆ ಮುರಿಯುತ್ತಾ, ಕಮಿಟಿಯವರಿಗೆ ಏನು ಹೇಳುವುದು ಎಂದು ತಾವೇ ಕೇಳಿಕೊಂಡರು. ಇನ್ನೊಂದು ಸೌಟು ಸಾರು ಹಾಕಿಸಿಕೊಂಡು, ಪಂಕ್ತಿಗೆ ಬಂದರು ಎಂದಷ್ಟೇ ಹೇಳುತ್ತೇನೆ, ಬಂದದ್ದಂತೂ ನಿಜ ತಾನೇ ಅಂದರು. ಹಾಗೇ ಹೇಳಿದರೆಂದು ಕಾಣುತ್ತದೆ; ಕ್ರಿಸ್ಮಸ್ಸಿಗೆ ಮುಂಚೆ ಯಜಮಾನರ ಕೆಲಸ ಕಾಯಂ ಆಯಿತು.

ಸಂಜೆ ಅಯ್ಯನವರನ್ನು ಬಸ್ಸು ಹತ್ತಿಸಿ ನಾವಿಬ್ಬರೂ ಕೆರೆ ಏರಿಯ ಮೇಲೆ ವಾಪಸ್ಸು ಬರುತ್ತಿದ್ದೆವು. ಯಜಮಾನರು ಮುಂದೆ, ನಾನು ಹಿಂದೆ. ಬಾಯಿ ಒಮ್ಮೆ ತೆರೆದದ್ದು ಮುಚ್ಚಲಿಲ್ಲ. ನಡೆಯುತ್ತಾ ನಡೆಯುತ್ತಾ ಶುರುಮಾಡಿದೆ, ಮೊದಲು ಪಿಸುಮಾತಿನಲ್ಲಿ, ಆಮೇಲೆ ಗಟ್ಟಿಯಾಗಿ. ಯಜಮಾನರಿಗಲ್ಲ, ಮೇಲಿರುವವನಿಗೆ. ಕೊಡುವಾಗ ಕೇಳಿದ್ದೆಯಾ, ತೆಗೆದುಕೊಳ್ಳುವಾಗ ಕೇಳಿದ್ದೆಯಾ, ಒಂದು ವಾರಕ್ಕೋಸ್ಕರ ಒಂಬತ್ತು ತಿಂಗಳು ಯಾಕೆ ಹೊರಿಸಿದೆ, ಅವಳ ಎಡಗಿವಿ ಸ್ವಲ್ಪ ಮಡಿಚಿಕೊಂಡಿತ್ತಲ್ಲ, ಅದನ್ನಾದರೂ ನೋಡಿದೆಯಾ, ಈಗ ಯಾರು ತಲೆ ಬಾಚುತ್ತಾರೆ ಅವಳಿಗೆ. ಹುಲ್ಲು ಹೊರೆ ಹೊತ್ತು ಎದುರಿಗೆ ಬಂದ ಹೆಂಗಸರು ಬದಿಗೆ ಸರಿದು ದಾರಿ ಬಿಟ್ಟರು. ನನಗೆ ನಾಚಿಕೆಯೂ ಆಗಲಿಲ್ಲ. ಅಷ್ಟು ತಿಂಗಳ ಮೇಲೆ ನಾನು ಮಾಡಿದ ಮೊದಲ ಪ್ರಾರ್ಥನೆ ಅದು. ಅದಕ್ಕೆ ಪ್ರಾರ್ಥನೆ ಎಂಬ ಹೆಸರಿದೆ ಎಂದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ಇವತ್ತಿಗೂ ನನಗೆ ಬರುವ ಪ್ರಾರ್ಥನೆ ಹೆಚ್ಚುಕಡಿಮೆ ಅದೇ ಬಗೆಯದು. ಬೈಯುತ್ತೇನೆ, ಪಂಕ್ತಿಗೆ ಹೋಗುತ್ತೇನೆ; ಹೋಗುತ್ತೇನೆ, ಬೈಯುತ್ತೇನೆ. ಒಂದು ತಿಂಗಳೂ ತಪ್ಪಿಸಿಲ್ಲ.

ಏರಿಯ ನಡುವಿನಲ್ಲಿ ಯಜಮಾನರು ನಿಂತರು. ನಾನು ಹತ್ತಿರ ಬರುವವರೆಗೆ ಕಾದರು. ಸಾಕು ಮಾಡು ಅನ್ನುತ್ತಾರೆ, ಇಲ್ಲ ನೋಡೋಣ ಅನ್ನುತ್ತಾರೆ ಎಂದು ಇನ್ನೊಂದು ಸುತ್ತು ಜಗಳಕ್ಕೆ ಸಿದ್ಧವಾದೆ.

"ನಂದೂ ಒಂದಿಷ್ಟಿದೆ ಕಣೇ," ಅಂದರು. "ಸೇರಿಸಿ ಹೇಳ್ಬಿಡು."

ನಾನು ಅವರ ಮುಖ ನೋಡಿದೆ. ಅಷ್ಟು ತಿಂಗಳು ಆ ಮುಖವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

"ನೀವೇ ಹೇಳಿ," ಅಂದೆ.

ಹುಟ್ಟಿಗೆ, ಮದುವೆಗೆ, ಸಾವಿಗೆ, ಕಂಡವರ ಎಮ್ಮೆ ಕಾಯಿಲೆಗೆ, ಕರೆದಲ್ಲೆಲ್ಲ ನಿಂತು ಸರಾಗವಾಗಿ ಪ್ರಾರ್ಥಿಸುವ ಮನುಷ್ಯ ಕೆರೆಯ ಕಡೆ ತಿರುಗಿ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಮೊದಲ ಮಾತು ಸಿಗದೆ ಒದ್ದಾಡತೊಡಗಿದರು. ನಾನು ಅವಸರ ಮಾಡಲಿಲ್ಲ. ಪಕ್ಕದಲ್ಲಿ ನಿಂತು ಕಾದೆ.